ಬರ್ಕಾ ಗೆದ್ದವಳು

ನನ್ನ ಎಡಗಣ್ಣು ಹುಟ್ಟಿನಿಂದಲೇ ಕಾಣದು. ಅಂಥವನಿಗೆ ಡ್ರೈವಿಂಗ್ ಲೈಸೆನ್ಸ್ ಸುಲಭವಲ್ಲ. ಹಾಗಾಗಿ ೧೯೯೧ರಲ್ಲಿ ನಮ್ಮ ಮನೆಯ ದಂಡನಾಯಕತ್ವ ಹೆಂಡತಿ ಉಮಾವತಿಯ ತಲೆಗೆ ಬಿತ್ತು. ನಾನು ಕೊಲ್ಲಿ ದೇಶದ ಸುವೈಕ್ ಎಂಬ ಊರಿನ ಒಂದು ಅಂಗಡಿಯಲ್ಲಿ ಸ್ಟೋರ್‌ಕೀಪರ್, ಅವಳು ನರ್ಸ್. ಮಗಳು ವಿನೋದಾ ಆರನೇ ಕ್ಲಾಸಿಗೆ ಸೇರಬೇಕಾದ ಶಾಲೆ ಮೂವತ್ತು ಕಿಲೋಮೀಟರ್ ದೂರ, ಬಸ್ಸಿಲ್ಲ. ಉಮಾವತಿಗೆ ಲೈಸೆನ್ಸ್ ಸಿಕ್ಕಿದರೆ ಮಗಳು ನಮ್ಮ ಜೊತೆ, ಇಲ್ಲದಿದ್ದರೆ ಉಡುಪಿಯ ಹಾಸ್ಟೆಲಿಗೆ.

ಲೈಸೆನ್ಸಿನ ಪರೀಕ್ಷೆ ಬರ್ಕಾ ಎಂಬ ಊರಿನಲ್ಲಿ. ಮೊದಲ ಸಲ ಡ್ರಮ್ಮುಗಳ ನಡುವೆ ರಿವರ್ಸ್ ತೆಗೆಯುವಾಗ ಒಂದಕ್ಕೆ ಗುದ್ದಿದಳು. ಎರಡನೇ ಸಲ ಏರಿನಲ್ಲಿ ಕಾರು ಹಿಂದೆ ಜಾರಿತು. ಮೂರನೇ ಸಲ ರೌಂಡಬೌಟಿನಲ್ಲಿ ಬಂದವರಿಗೆಲ್ಲ ದಾರಿ ಬಿಡುತ್ತಾ ನಿಂತೇಬಿಟ್ಟಳು. ಪಕ್ಕದಲ್ಲಿ ಕೂತು ಪರೀಕ್ಷೆ ಮಾಡುತ್ತಿದ್ದ ಪೊಲೀಸ್ ಗಡಿಯಾರ ನೋಡಿ, ಖಲಾಸ್ ಅಂದ.

ಅದೇ ಸಂಜೆ ಶಾಲೆಯ ಅರ್ಜಿ ಹಿಡಿದು ಬಂದವರು ಪಕ್ಕದ ಮನೆಯ ಶ್ರೀನಿವಾಸಮೂರ್ತಿ ಮೇಷ್ಟ್ರು. ಮೈಸೂರಿನವರು, ಆ ಶಾಲೆಯಲ್ಲೇ ಚರಿತ್ರೆ ಪಾಠ ಮಾಡುತ್ತಾ ವಾರವೆಲ್ಲ ಅಲ್ಲೇ ತಂಗಿ, ವಾರದ ಕೊನೆಗೆ ಮನೆಗೆ ಬರುವವರು. ಅರ್ಜಿಯಲ್ಲಿ ಸರ್‌ನೇಮ್ ಎಂಬ ಕಾಲಂ ಇತ್ತು. ನಮಗೆ ಅಂಥದ್ದಿಲ್ಲ; ನನ್ನ ಅಪ್ಪ ಬರೆಸಲಿಲ್ಲ, ನಾನೂ ಬರೆಸಲಿಲ್ಲ. ಏನು ಬರೆಯಲಿ ಎಂದು ವಿನೋದಾ ಕೇಳಿದಳು.

ರೋಮಿನವರ ಹಾಗೆ ಗೆದ್ದು ಸಂಪಾದಿಸಬೇಕು ಎಂದು ಮೇಷ್ಟ್ರು ಶುರುಮಾಡಿದರು. ಆಫ್ರಿಕಾ ಗೆದ್ದು ಬಂದ ಸೇನಾಪತಿ ಸಿಪಿಯೋಗೆ ಆಫ್ರಿಕಾನಸ್ ಎಂಬ ಬಿರುದು ಸಿಕ್ಕಿತಂತೆ. ಅಂಥ ಹೆಸರನ್ನು ಮಕ್ಕಳೂ ಇಟ್ಟುಕೊಳ್ಳುವುದಿತ್ತಂತೆ. ಅಷ್ಟಕ್ಕೆ ನಿಲ್ಲಿಸಿದ್ದರೆ ಚೆನ್ನಾಗಿತ್ತು.

"ಉಮಾವತಿಯವ್ರೇ, ನಿಮ್ಮ ಲೆಕ್ಕದಲ್ಲಿ ಗೆದ್ದಿರೋದು ನೀವಲ್ಲ, ಬರ್ಕಾನೇ, ಅದೂ ಮೂರು ಸಲ. ಆ ಊರಿಗೇ ನಿಮ್ಮ ಹೆಸರಿಡ್ಬೇಕು," ಅಂದರು.

ನಾನೂ ನಕ್ಕುಬಿಟ್ಟೆ. ಉಮಾವತಿ ಅಡಿಗೆಮನೆಗೆ ಹೋದಳು. ಗಾಯದ ಮೇಲೆ ಬರೆ ಎಳೆದವನು ಕಟ್ಟಿಕೊಂಡ ಗಂಡನೇ ಎಂದು ನನಗೆ ನನ್ನ ಮೇಲೆಯೇ ಸಿಟ್ಟು ಬಂತು. ಅವಳ ಹಿಂದೆ ಹೋಗಿ, ಸಾಕು, ವಿನೋದಾಳಿಗೆ ಊರಿಗೆ ಟಿಕೆಟ್ ಮಾಡಿಸುತ್ತೇನೆ ಎಂದೆ.

"ಟಿಕೆಟ್ ಮಾಡ್ಸ್‌ಬೇಡಿ," ಅಂದಳು. "ಇನ್ನೊಂದು ಸಲ ಹೋಗ್ತೇನೆ."

ಆಮೇಲೆ ಪ್ರತಿ ಶುಕ್ರವಾರ ಬೆಳಿಗ್ಗೆ, ಅಂಗಡಿಯ ಹಿಂದಿನ ಖಾಲಿ ಮೈದಾನದಲ್ಲಿ ನಾನು ತುಪ್ಪದ ಖಾಲಿ ಡಬ್ಬಿಗಳನ್ನು ಸಾಲಾಗಿ ನಿಲ್ಲಿಸುತ್ತಿದ್ದೆ. ನಾವು ಕೊಂಡಿಟ್ಟಿದ್ದ ಹಳೆ ಕಾರಿನಲ್ಲಿ ಉಮಾವತಿ ಅವುಗಳ ನಡುವೆ ರಿವರ್ಸ್ ಬರುತ್ತಿದ್ದಳು. ನಜ್ಜುಗುಜ್ಜಾದ ಡಬ್ಬಿಗಳನ್ನು ವಿನೋದಾ ಆಯ್ದಿಡುತ್ತಿದ್ದಳು. ಮೊದಲ ವಾರ ಹನ್ನೊಂದು, ಐದನೇ ವಾರ ಒಂದೂ ಇಲ್ಲ.

ನಾಲ್ಕನೇ ಪರೀಕ್ಷೆಯ ದಿನ ನಾನೂ ವಿನೋದಾಳೂ ಬರ್ಕಾದ ಬಿಸಿಲಿನಲ್ಲಿ ಕಾದು ನಿಂತೆವು. ಶಾಲೆಗೆ ಅರ್ಜಿ ಕೊಡಲು ಮರುದಿನವೇ ಕೊನೆ. ಉಮಾವತಿ ಕಾರಿನಿಂದ ಇಳಿದು ಬಂದಳು.

"ಆ ರೌಂಡಬೌಟಿನಲ್ಲಿ ಆಡು ತುಂಬಿದ ಪಿಕಪ್ ಗಾಡಿ ಒಂದು ಬರ್ತಾ ಇತ್ತು. ದೂರ ಇತ್ತು, ಕಾಯ್ಲಿಲ್ಲ, ಹೋದೆ. ಪೊಲೀಸ್ ಯಲ್ಲಾ, ನಡಿ ಅಂದ, ಅಷ್ಟೇ. ಪಾಸ್."

ವಿನೋದಾ ಜೊತೆಗೇ ತಂದಿದ್ದ ಅರ್ಜಿಯನ್ನು ಗೋಡೆಗೆ ಒತ್ತಿ ಹಿಡಿದು, ಖಾಲಿ ಕಾಲಂನಲ್ಲಿ ದೊಡ್ಡಕ್ಷರದಲ್ಲಿ 'ಬರ್ಕಾ' ಎಂದು ಇಂಗ್ಲಿಷಿನಲ್ಲಿ ಬರೆದಳು. ಮೇಷ್ಟ್ರು ತಮಾಷೆಗೆ ಹೇಳಿದ್ದು ಮಾರಾಯ್ತಿ, ಎಂದೆ.

"ಅಮ್ಮ ಗೆದ್ದದ್ದು ತಮಾಷೆಯಾ ಅಪ್ಪ?"

ಉಮಾವತಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮರುದಿನ ಶಾಲೆಯ ಗುಮಾಸ್ತ, ಪಾಸ್‌ಪೋರ್ಟಿನಲ್ಲಿ ಈ ಹೆಸರಿಲ್ಲ ಎಂದು ಕೆಂಪು ಗೀಟು ಎಳೆದ. ಎಳೆದುಕೊಳ್ಳಲಿ. ಆ ಅರ್ಜಿ ಕೊಡಲು ಮೂವತ್ತು ಕಿಲೋಮೀಟರ್ ನಮ್ಮಿಬ್ಬರನ್ನೂ ಕಾರಿನಲ್ಲಿ ಕರೆತಂದವಳು ಉಮಾವತಿಯೇ.