ಹುಗ್ಗಿ ಮುದಕಪ್ಪನ ಮನೆಯ ಬಾಣಂತನ

ಸಂಶಿಯಿಂದ ನಾಲ್ಕೂ ದಿಕ್ಕಿಗೆ ಹನ್ನೆರಡು ಹರದಾರಿ ಹೋಗಿ, ಯಾರನ್ನಾದರೂ ನಿಲ್ಲಿಸಿ ಹುಗ್ಗಿ ಮುದಕಪ್ಪ ಯಾರೆಂದು ಕೇಳಿ. ಕೇಳಿದ ಕೂಡಲೇ ಅವನ ಬಾಯಲ್ಲಿ ನೀರೂರದಿದ್ದರೆ ಆ ಮನುಷ್ಯ ಸತ್ತು ಮೂರು ದಿನವಾಗಿದೆ ಎಂದು ತಿಳಿಯಿರಿ. ಆ ಮುದಕಪ್ಪ ನಾನೇ, ಮೂವತ್ತೊಂದು ವರ್ಷದಿಂದ ಮದುವೆ ಅಡುಗೆ ಮಾಡುತ್ತಿದ್ದೇನೆ. ಕುಂದಗೋಳದಲ್ಲಿ ಒಮ್ಮೆ ಬೀಗರಿಬ್ಬರು ಬಡಿದಾಡುತ್ತಿದ್ದವರು ನನ್ನ ಗೋಧಿ ಹುಗ್ಗಿಯ ಕಡಾಯಿಯ ಮುಚ್ಚಳ ತೆಗೆದದ್ದೇ ತಡ, ಒಬ್ಬರ ಹೆಗಲ ಮೇಲೊಬ್ಬರು ಕೈಹಾಕಿ ಪಂಕ್ತಿಗೆ ಕೂತರು. ನನ್ನ ಎಣ್ಣೆಗಾಯಿ ತಿಂದ ಬೊಚ್ಚುಬಾಯಿ ಮುದುಕನಿಗೆ ಎರಡು ಹಲ್ಲು ಮೂಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಒಂದು ಹಲ್ಲು ಸ್ವಲ್ಪ ಸೊಟ್ಟಗಿತ್ತು, ಅಷ್ಟೆ.

ಇಂಥ ನನಗೆ ಒಬ್ಬಳೇ ಮಗಳ ಹೊಟ್ಟೆಯಲ್ಲಿ ಒಂದು ತುತ್ತು ನಿಲ್ಲಿಸಲು ಆಗಲಿಲ್ಲ.

ಸೀಮಾ ದುಮ್ಮವಾಡದ ಗಂಡನ ಮನೆಯಿಂದ ಚೊಚ್ಚಲ ಹೆರಿಗೆಗೆ ಬಂದಿದ್ದಳು. ಹೆಣ್ಣುಕೂಸು ಹುಟ್ಟಿ ಮೂರನೇ ವಾರ. ಸೀಮಾಳ ತಾಯಿ ತೀರಿಕೊಂಡು ವರ್ಷಗಳೇ ಆದವು, ಹೀಗಾಗಿ ಬಾಣಂತನದ ದರ್ಬಾರು ನಮ್ಮವ್ವ ಕೆಂಚವ್ವಳದು. ಅವ್ವನಿಗೆ ಎಂಬತ್ತು. ಅವಳು ಹುಬ್ಬು ಗಂಟು ಹಾಕಿದರೆ ಎಮ್ಮೆ ತಾನಾಗಿಯೇ ಹಾಲು ಬಿಡುತ್ತದೆ. ಅವಳ ಕಾಯಿದೆ ಎರಡು. ಬಾಣಂತಿಗೆ ಮುಂಜಾನೆ ಎರಡು ಗುಟುಕು, ಸಂಜೆಗೆ ಎರಡು ಗುಟುಕು ಬಿಸಿನೀರು, ಅದರಾಚೆ ಹನಿಯೂ ಇಲ್ಲ. ಕೂಸಿಗೆ ಹಾಲು ಕುಡಿಸಿದ ಮೇಲೆಯೇ ಊಟ, ಮೊದಲಲ್ಲ.

ಕೂಸು ಬಾಯಿ ಹಾಕಿ ಹಾಲು ಇಳಿಯತೊಡಗಿದರೆ ಸಾಕು, ಸೀಮಾಳ ಮುಖ ಸುಣ್ಣದ ಗೋಡೆಯಾಗುತ್ತಿತ್ತು. ಹೊಟ್ಟೆ ತೊಳಸಿ ಬರುತ್ತಿತ್ತು. ಒಂದು ಕೈಯಲ್ಲಿ ಕೂಸನ್ನು ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ತಾನು ಕೂತ ಹೊರಸಿನ ಪಟ್ಟಿಯನ್ನು ಬಿಗಿಹಿಡಿದು ಕೂಡುತ್ತಿದ್ದಳು. ಕುಡಿಸಿ ಮುಗಿದ ಮೇಲೆ ತಾಟು ಮುಂದೆ ಬಂದರೆ ಎರಡು ತುತ್ತಿಗೇ ಎಲ್ಲ ವಾಪಸ್ಸು.

ನಾನು ಬಿಡುವವನೇ? ಅಂಟಿನ ಉಂಡಿ ಕಟ್ಟಿದೆ. ಗೋಡೆಗೆ ಎಸೆದರೆ ಗೋಡೆಗೇ ಶಕ್ತಿ ಬಂದು ಇನ್ನು ನೂರು ವರ್ಷ ನಿಲ್ಲಬೇಕು, ಅಂಥ ಉಂಡಿ. ಮೂಸಿ ನೋಡಿ ಬದಿಗಿಟ್ಟಳು. ತುಪ್ಪ ಸಾಲದೇನೋ ಎಂದು ಮರುದಿನ ತುಪ್ಪ ಇಮ್ಮಡಿ ಮಾಡಿದೆ. ಅಳವಿ ಬೀಜದ ಪಾಯಸ ಕಾಸಿದೆ, ಸಬ್ಬಸಗಿ ಪಲ್ಯಕ್ಕೆ ಬೊಗಸೆ ಬೊಗಸೆ ಬಳ್ಳೊಳ್ಳಿ ಹಾಕಿ ಒಗ್ಗರಿಸಿದೆ. ಅವಳು ಒಂದು ಕಾರಿಕೊಂಡರೆ ನಾನು ಎರಡು ಮಾಡುತ್ತಿದ್ದೆ. ನಮ್ಮ ಓಣಿಯ ನಾಯಿಗಳು ಆ ವಾರ ಎಷ್ಟು ಕೊಬ್ಬಿದವೆಂದರೆ ಕಳ್ಳ ಬಂದರೂ ಏಳದಂತಾದವು.

ಗುರುವಾರ ಆಶಾ ಕಾರ್ಯಕರ್ತೆ ರಜಿಯಾಬಿ ತಕ್ಕಡಿ ಜೋಳಿಗೆ ಹಿಡಿದು ಬಂದಳು. ಕೂಸನ್ನು ತೂಗಿದಳು. ಮುಳ್ಳು ನೋಡಿದಳು, ಇಳಿಸಿ ಮತ್ತೊಮ್ಮೆ ತೂಗಿದಳು.

“ಕಾಕಾ, ವಾರಕ್ಕ ನಲವತ್ತ ಗ್ರಾಮ್ ಅಷ್ಟ ಏರೇತಿ,” ಅಂದಳು. “ನೂರೈವತ್ತರ ಮ್ಯಾಲೆ ಏರಬೇಕಿತ್ತ ನೋಡ್ರಿ. ಸೀಮಾ, ಊಟ ಹೆಂಗೈತಿ?”

“ಊಟ ಎಲ್ಲಿ ಬಂತ್ರಿ ಅಕ್ಕಾ. ಹಾಲ ಇಳಿಯೂ ಮುಂದ ಹೊಟ್ಟಿ ತೊಳಸ್ತೈತಿ. ಗಂಟಲಾ ಅಂಬೋದು ಒಣಗಿ ಕಟಗಿ ಆಗಿರ್ತೈತಿ.”

“ಹಾಲ ಇಳಿಯೂ ಮುಂದ ಕೆಲವರಿಗೆ ಹಂಗ ಆಗತೈತಿ. ಖಾಲಿ ಹೊಟ್ಟಿ, ಮ್ಯಾಲೆ ನೀರಡಿಕಿ ಕೂಡಿದ್ರ ಇನ್ನೂ ಜೋರ. ಕೂಸಿಗೆ ಹಚ್ಚೂಕಿಂತ ಮೊದಲ ಒಂದ ವಾಟಗಾ ನೀರ ಕುಡಿ. ಒಣಾ ರೊಟ್ಟಿನೋ, ಬಾಳಿಹಣ್ಣೋ, ಒಂದೀಟ ತಿನ್ನು. ದಿನಾ ಎರಡ ಸಲ ಗಡದ್ದಾಗಿ ಉಣ್ಣೂದ ಬಿಟ್ಟು ಆರೇಳ ಸಲ ಸಣ್ಣಸಣ್ಣದ ಉಣ್ಣು. ಕಾಕಾ, ಈ ತುಪ್ಪದ ಕೊಡಾ ಸ್ವಲ್ಪ ಆಕಡೆ ಸರಸ್ರಿ.”

ಅವ್ವ ಮೂಲೆಯಿಂದ ಕೆಮ್ಮಿದಳು. “ರಜಿಯಾ, ನೀ ಹುಟ್ಟಿದಾಗ ನಿಮ್ಮವ್ವನ ಬಾಣಂತನಾ ಮಾಡ್ದಾಕಿ ನಾನ. ನಿಮ್ಮವ್ವಗ ವಾಟಗಾಗಟ್ಲೆ ನೀರ ಕೊಟ್ಟಿದ್ದಿಲ್ಲ. ನೀ ಏನ ಸತ್ತಿಯೇನ?”

“ಸತ್ತಿಲ್ಲ ಆಯಿ. ಖರೆ, ನಮ್ಮವ್ವ ಆ ನೀರಡಿಕಿ ಇನ್ನೂ ಮರತಿಲ್ಲ.” ರಜಿಯಾಬಿ ಜೋಳಿಗೆ ಮಡಚಿದಳು. “ಮುಂದಿನ ಗುರುವಾರ ಮತ್ತ ತೂಗತೇನಿ. ಏರಲಿಲ್ಲಂದ್ರ ದೊಡ್ಡ ದವಾಖಾನಿಗೆ ಬರದ ಕೊಡೂದ. ನೀರೂ ಹೊಟ್ಟ್ಯಾಗ ನಿಲ್ಲಲಿಲ್ಲಂದ್ರ ಗುರುವಾರದ ತನಕಾ ಕಾಯಬ್ಯಾಡ್ರಿ, ನನಗ ಫೋನ್ ಮಾಡ್ರಿ.”

ಅವಳು ಹೋದ ಮೇಲೆ ಸೀಮಾ ಕೂಸಿನ ಕಾಲನ್ನೇ ನೋಡುತ್ತ ಕೂತಳು. ಕಡ್ಡಿಯಂಥ ಕಾಲು. ನಾನು ಬೀಗರ ಮುಂದೆ ಅದನ್ನು ಪೈಲ್ವಾನಳ ಕಾಲು ಎಂದು ಹೊಗಳಿದ್ದೆ.

ಎರಡು ಸಾವಿರ ಜನರ ಪಂಕ್ತಿ ಎಬ್ಬಿಸಿ ಕೂಡಿಸಿದ ನಾನು ಅವ್ವನೆದುರು ನಿಂತು “ನೀರು ಕೊಡು” ಎಂದು ಹೇಳಬೇಕಿತ್ತು. ಹೇಳಲಿಲ್ಲ. ಮರುದಿನ ಉಂಡಿ ಡಬ್ಬಿಯಲ್ಲಿ ನೀರು ತುಂಬಿ, ಮುಚ್ಚಳದ ಮೇಲೆ ಎರಡು ಉಂಡಿ ಇಟ್ಟುಕೊಂಡು ಬಾಣಂತಿ ಕೋಣೆಗೆ ಹೊರಟೆ. ಅವ್ವ ಕೂಸಿನ ಅರಿವೆ ಒಣಗಿಸುತ್ತಿದ್ದಳು. ಅಂಥ ಕಳ್ಳಹೆಜ್ಜೆ ಇಡುವ ಬೆಕ್ಕು ಈ ಜಿಲ್ಲೆಯಲ್ಲೇ ಹುಟ್ಟಿಲ್ಲ.

ಸೀಮಾ ಆಗತಾನೇ ಕೂಸನ್ನು ಮಡಿಲಿಗೆ ಎತ್ತಿಕೊಂಡಿದ್ದಳು. ನಾನು ಹತ್ತಿರ ಹೋಗಿ ಬಗ್ಗಿದೆ. ಅವಳು ಸೆರಗಿನಿಂದ ಮೂಗು ಮುಚ್ಚಿಕೊಂಡಳು.

“ಅಪ್ಪಾ, ಸ್ವಲ್ಪ ಹಿಂದ ಸರಿ.”

“ನೀರ ತಂದೇನಿ ಬೇ. ಲಗೂನ ಕುಡಿ.”

“ಹಿಂದ ಸರಿ ಅಪ್ಪಾ. ನಿನ್ನ ಅಂಗಿ, ನಿನ್ನ ಕೈ, ಎಲ್ಲಾ ಒಗ್ಗರಣಿ ವಾಸನಿ. ನೀ ಬಾಗಲದಾಗ ಬಂದ್ರ ಸಾಕು, ಹೊಟ್ಟ್ಯಾಗಿಂದ ಎದ್ದ ಬರತೈತಿ. ಹೇಳಬಾರದಂತ ಸುಮ್ಮನಿದ್ದೆ.”

ಹೇಳಿ ಮುಗಿಸುವಷ್ಟರಲ್ಲಿ ಓಕರಿಸಿದಳು. ಕೂಸು ಜಾರೀತೆಂದು ನಾನು ಕೈ ಚಾಚಿದೆ, ಡಬ್ಬಿ ಉರುಳಿತು. ನೀರು ಹೊರಸಿನ ಕೆಳಗೆ ಹರಿದು ಅಷ್ಟರಲ್ಲಿ ಬಾಗಿಲಿಗೆ ಬಂದು ನಿಂತಿದ್ದ ಅವ್ವನ ಪಾದ ಮುಟ್ಟಿತು.

ಮೂವತ್ತೊಂದು ವರ್ಷ ಊರೂರಿನ ಜನ ಯಾವ ವಾಸನೆಗೆ ಮೂಗರಳಿಸಿಕೊಂಡು ಬರುತ್ತಿದ್ದರೋ, ಅದನ್ನೇ ಹೊತ್ತು ದಿನಕ್ಕೆ ಎಂಟು ಸಲ ಮಗಳ ಮುಂದೆ ನಿಂತಿದ್ದೆ. ಹಿಂದೆ ಸರಿದೆ. ಗೋಡೆ ಬೆನ್ನಿಗೆ ತಗುಲುವವರೆಗೆ ಸರಿದೆ.

ಅವ್ವ ಬೈಯುತ್ತಾಳೆ ಎಂದುಕೊಂಡಿದ್ದೆ. ಬೈಯಲಿಲ್ಲ. ಹೊಸ್ತಿಲ ಮೇಲೆ ಕೂತಳು.

“ಮುದಕ್ಯಾ, ನಿನಗಿಂತ ಮೊದಲ ನನಗೊಂದ ಹೆಣ್ಣಾಗಿತ್ತ,” ಅಂದಳು.

ನನಗೆ ಗೊತ್ತಿರಲಿಲ್ಲ. ಅರವತ್ತು ವರ್ಷದಲ್ಲಿ ಯಾರೂ ಹೇಳಿರಲಿಲ್ಲ.

“ಹಡದ ಒಂಬತ್ತನೇ ದಿನಾ ನೀರಡಿಕಿ ತಡಕೊಳ್ಳಾಕ ಆಗಲಿಲ್ಲ. ಎಲ್ಲಾರೂ ಹೊಲಕ್ಕ ಹೋಗಿದ್ರು. ಹಂಡೇದಾಗಿಂದ ತಂಬಗಿ ತುಂಬಿ ಕುಡದೆ. ಹನ್ನೊಂದನೇ ದಿನಾ ಕೂಸಿಗೆ ತಂಡಿ ಆತು, ಉಸರಾಡಾಕ ಬರಲಿಲ್ಲ. ಹೋತು. ನಮ್ಮತ್ತಿಗೆ ಹಂಡೇದಾಗಿನ ನೀರ ಇಳದದ್ದ ನೆನಪಿತ್ತ, ಹೇಳಿದ್ಲು, ನೀನ ಕೊಂದಿ ಅಂತ.”

ಸೀಮಾ ಮೆಲ್ಲಗೆ, “ಆಯಿ, ನೀರಿನಿಂದ ಹೋಗಿಲ್ಲ ಅದು,” ಅಂದಳು.

“ಇಷ್ಟ ವರ್ಷ ನೀರಿನಿಂದ ಅಂತ ತಿಳಕೊಂಡೇನಿ. ನೀ ಈಗ ಅಲ್ಲ ಅಂದ್ರ ನಾ ಏನ ಮಾಡ್ಲಿ?”

ಇದಕ್ಕೆ ನನ್ನ ಹತ್ತಿರ ಒಂದು ಸುಳ್ಳೂ ಇರಲಿಲ್ಲ.

ಅವ್ವ ಎದ್ದು ಹೋದಳು. ಒಂದು ತಂಬಿಗೆ ಕಾಸಿ ಆರಿಸಿದ ನೀರು ತಂದು ಹೊರಸಿನ ಬಾಜು ಇಟ್ಟಳು. “ನಾ ಕುಡಿಸಂಗಿಲ್ಲ. ನೋಡಂಗೂ ಇಲ್ಲ,” ಎಂದು ಗೋಡೆಗೆ ಮುಖ ಮಾಡಿ ಕೂತಳು. ಸೀಮಾ ಕುಡಿದಳು. ಗಟಗಟ ಸದ್ದು ಕೇಳಿದಾಗೊಮ್ಮೆ ಅವ್ವನ ಭುಜ ಬಿಗಿಯುತ್ತಿತ್ತು. ಆಮೇಲೆ ಕೂಸಿನ ನೆತ್ತಿ, ಎದೆ, ಪಾದ ಮುಟ್ಟಿ ಮುಟ್ಟಿ ನೋಡಿದಳು. ಆ ವಾರವೆಲ್ಲ ಕೂಸು ಒಮ್ಮೆ ಸೀನಿದರೆ ಅವ್ವ ಊಟ ಬಿಡುತ್ತಿದ್ದಳು.

ನನಗೆ ಒಳಗೆ ಪ್ರವೇಶವಿಲ್ಲ. ಒಲೆಯನ್ನು ಹಿತ್ತಿಲಿಗೆ ಸಾಗಿಸಿದೆ. ಒಗ್ಗರಣೆ ನಿಂತಿತು. ಜಳಕ ಮಾಡಿ, ಸಾಬೂನು ಸವೆಯುವಷ್ಟು ತಿಕ್ಕಿಕೊಂಡರೂ ಬಾಗಿಲವರೆಗೆ ಮಾತ್ರ. ಅಡುಗೆ ಎಂದರೆ ಏನು? ಒಣಗಿದ ಜೋಳದ ರೊಟ್ಟಿ, ಮೊಸರು, ಬೇಯಿಸಿದ ಹೆಸರುಕಾಳು. ಯಾರು ಬೇಕಾದರೂ ಮಾಡಬಹುದಾದದ್ದು. ಓಕರಿಕೆ ಹೋಗಲಿಲ್ಲ. ಹಾಲು ಇಳಿಯುವಾಗ ಬರುತ್ತಿತ್ತು, ಸೀಮಾ ಹೊರಸಿನ ಪಟ್ಟಿ ಹಿಡಿಯುತ್ತಿದ್ದಳು. ಆದರೆ ನಾಲ್ಕು ಸಲದಲ್ಲಿ ಮೂರು ಸಲ ತಿಂದದ್ದು ಒಳಗೇ ಉಳಿಯುತ್ತಿತ್ತು.

ಗುರುವಾರ ರಜಿಯಾಬಿ ತೂಗಿದಳು. ನೂರಾ ಹತ್ತು ಗ್ರಾಮ್ ಏರಿತ್ತು. ಬಸ್ ನಿಲ್ದಾಣದಲ್ಲಿ ನಾನು ಅದನ್ನು ಒಂದು ಕಿಲೋ ಎಂದು ಹೇಳಿ ಬಂದೆ. ಮನೆಯಲ್ಲಿ ರಜಿಯಾಬಿ ಹೇಳಿದ್ದು ಬೇರೆ.

“ದವಾಖಾನಿಗೆ ಬರದ ಕೊಡೂದಿಲ್ಲ ಈಗ. ಆದ್ರ ಸಾಲಂಗಿಲ್ಲ ಕಾಕಾ. ಇನ್ನೊಂದ ವಾರ ನೋಡೂಣು.”

“ನಾ ಏನ ಮಾಡ್ಲಿ ಹೇಳವಾ?”

“ನೀವ? ನೀವ ಹೊರಗ ಕೂಡ್ರಿ.”

ಕೂತೆ. ಕಟ್ಟೆಯ ಮೇಲೆ, ಕಿಟಕಿಗೆ ಕಿವಿ ಕೊಟ್ಟು. ಒಳಗೆ ಕೂಸು ಕುಂಯ್‌ಗುಟ್ಟಿತು. ಸೀಮಾ ರೊಟ್ಟಿ ಮುರಿದ ಸದ್ದು ಕೇಳಿತು, ಕಟಕ್. ಅಗಿದಳು. ಮತ್ತೊಂದು ತುಂಡು. ಮೂರನೆಯದರ ನಂತರ ಸದ್ದು ನಿಂತಿತು. ನುಂಗಿದಳೋ, ಬಾಯಿ ಮುಚ್ಚಿಕೊಂಡು ತಡೆಯುತ್ತಿದ್ದಾಳೋ ಗೊತ್ತಾಗಲಿಲ್ಲ. ಏಳಬೇಕೆಂದು ಕಾಲು ಕೆಳಗಿಟ್ಟೆ. ಈ ವಾಸನೆ ಹೊತ್ತು ಒಳಹೋದರೆ ಅವಳ ಹೊಟ್ಟೆಯಲ್ಲಿದ್ದದ್ದೂ ಹೊರಬಂದುಬಿಡುತ್ತದೆ. ಕಾಲನ್ನು ಮತ್ತೆ ಕಟ್ಟೆಯ ಮೇಲೆ ಎಳೆದುಕೊಂಡು, ನಾಲ್ಕನೆಯ ತುಂಡಿಗಾಗಿ ಕಾಯುತ್ತ ಕೂತೆ.