ಆರು ಜೊತೆ ಚಪ್ಪಲಿ

ನಾನು ಎರಡು ವಾರ ತಿಣುಕಾಡಿ ಬಿಡಿಸಿದ ಚಿತ್ರದ ಪುಟದಲ್ಲಿ ಭಾಗೀರಥಮ್ಮನವರು ಒಂದೇ ನಿಮಿಷಕ್ಕೆ ತಪ್ಪು ಹಿಡಿದರು.

“ಅಲ್ವೇ ವನಜಾಕ್ಷಿ, ಆರು ಜನ ಒಳಗೆ ಬಚ್ಚಿಟ್ಕೊಂಡಿದಾರೆ ಅಂತೀಯ. ಬಾಗಿಲ ಹೊರಗೆ ಆರು ಜೊತೆ ಚಪ್ಪಲಿ ಸಾಲಾಗಿ ಬಿಡಿಸಿದೀಯಲ್ಲೇ! ಹಿಡಿಯೋಕೆ ಬಂದೋರು ಎಣಿಸ್ಕೊಂಡೇ ಒಳಗೆ ಹೋಗ್ತಾರೆ.”

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಮ್ಮ ಕಡೆ ಮನೆ ಎಂದರೆ ಬಾಗಿಲ ಹೊರಗೆ ಚಪ್ಪಲಿ ಇರಲೇಬೇಕು. ಕೈ ತಾನಾಗಿಯೇ ಬಿಡಿಸಿಬಿಟ್ಟಿತ್ತು.

ನಾನು ನಂಜನಗೂಡಿನ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರು. ಮಹಾಯುದ್ಧದ ಕಾಲದಲ್ಲಿ ಅಡಗಿಕೊಂಡು ಬದುಕಿದ ಯಹೂದಿ ಹುಡುಗಿಯೊಬ್ಬಳ ದಿನಚರಿಯನ್ನು ಕನ್ನಡದ ಮಕ್ಕಳಿಗಾಗಿ ಚಿತ್ರಕಾದಂಬರಿ ಮಾಡುತ್ತಿದ್ದೆ. ಮೈಸೂರಿನ ಪ್ರಕಾಶಕರು ಒಪ್ಪಿದ್ದರು. ದೇವಸ್ಥಾನದ ಹಿಂದಿನ ಬೀದಿಯಲ್ಲಿ ಮಹಡಿಯ ಮೇಲಿನ ಒಂಟಿ ಕೋಣೆ ನನ್ನದು, ಕೆಳಗೆ ಓನರ್ ಭಾಗೀರಥಮ್ಮನವರು. ದಿನವೂ ಐದು ಗಂಟೆಗೆ ಮಂಡಿನೋವನ್ನು ಬೈದುಕೊಂಡು ಹದಿನಾಲ್ಕು ಮೆಟ್ಟಿಲು ಹತ್ತಿ ಬರುತ್ತಿದ್ದರು. ನಾನು ಕಾಫಿ ಬೆರೆಸುತ್ತಿದ್ದೆ, ಅವರು ಹೊಸ ಪುಟ ನೋಡುತ್ತಿದ್ದರು. ಈ ಊರಿನಲ್ಲಿ ನನ್ನ ಜೊತೆ ಕೂತು ಮಾತಾಡುತ್ತಿದ್ದ ಜೀವ ಅದೊಂದೇ.

ಕೆಮ್ಮಿನ ಸದ್ದು ಹೊರಗೆ ಕೇಳದಂತೆ ಆ ಹುಡುಗಿ ದಿಂಬಿನಲ್ಲಿ ಮುಖ ಹುದುಗಿಸುವ ಪುಟ ನೋಡಿ ಅವರು ಕಣ್ಣೊರೆಸಿಕೊಂಡಿದ್ದರು. “ಪಾಪದ ಮಗು. ನಾನು ಆ ಊರಲ್ಲಿದ್ದಿದ್ರೆ ನಮ್ಮ ಅಟ್ಟದಲ್ಲೇ ಇಟ್ಕೋತಿದ್ದೆ ಕಣೇ, ಏನಾದ್ರೂ ಆಗ್ಲಿ ಅಂತ.” ಅವರು ಸುಳ್ಳು ಹೇಳುತ್ತಿರಲಿಲ್ಲ.

ಸುಳ್ಳು ಹೇಳಿದವಳು ನಾನು. ಬಾಡಿಗೆಗೆ ಬಂದ ದಿನ “ಯಾವ ಪೈಕಿ?” ಎಂದು ಕೇಳಿದ್ದರು. “ಬನ್ನೂರು ಕಡೆ ರೈತರ ಮನೆ, ಮೊಟ್ಟೆ ಕೂಡ ಮುಟ್ಟಲ್ಲ” ಎಂದೆ. ಅಪ್ಪ ಗದ್ದೆ ಕೆಲಸ ಮಾಡುತ್ತಿದ್ದದ್ದು ನಿಜ, ಗದ್ದೆ ಮಾತ್ರ ಬೇರೆಯವರದು. ನಾವು ದಲಿತರು ಎಂದಿದ್ದಕ್ಕೆ ಅದಕ್ಕೂ ಮೊದಲು ನಾಲ್ಕು ಮನೆಗಳು ಇದ್ದಕ್ಕಿದ್ದಂತೆ ಯಾರಿಗೋ ಕೊಟ್ಟಾಗಿಬಿಟ್ಟಿದ್ದವು. ನನ್ನನ್ನು ಯಾರೂ ಕೊಲ್ಲಲು ಹುಡುಕುತ್ತಿರಲಿಲ್ಲ. ಆ ಹುಡುಗಿಗೆ ನನ್ನನ್ನು ಹೋಲಿಸಿಕೊಂಡರೆ ನನಗೇ ನಾಚಿಕೆ. ಆದರೂ ಅವ್ವನಿಗೆ ಫೋನು ಮಾಡುವಾಗ ಕಿಟಕಿ ಮುಚ್ಚಿ ಪಿಸುಗುಡುತ್ತಿದ್ದೆ. “ಇಲ್ಲಿಗೆ ಬರಬೇಡ” ಎಂದು ಹೇಳಿ ಎರಡು ವರ್ಷವಾಗಿತ್ತು.

ಜನವರಿಯ ಒಂದು ಶನಿವಾರ ಅವ್ವ ಹೇಳದೆ ಕೇಳದೆ ಬಂದಳು. ಕಿಟಕಿಯಿಂದ ನೋಡಿದೆ. ಒಂದು ಕಂಕುಳಲ್ಲಿ ಅವರೆಕಾಯಿ ಚೀಲ, ಇನ್ನೊಂದು ಕೈಯಲ್ಲಿ ಚಪ್ಪಲಿ. ಬೀದಿಯ ತುದಿಯಲ್ಲೇ ಕಳಚಿ, ಬರಿಗಾಲಲ್ಲಿ, ಗೋಡೆಯ ಅಂಚಿಗೆ ನಡೆದು ಬರುತ್ತಿದ್ದಳು. ನಮ್ಮೂರಿನ ಮೇಲ್ಜಾತಿಯವರ ಬೀದಿಯಲ್ಲಿ ಅವಳು ಹುಡುಗಿಯಾಗಿದ್ದಾಗ ಹಾಗೆ ನಡೆಯಬೇಕಿತ್ತು. ಕಾಲ ಹೋಯಿತು, ಕಾಲಿನ ಅಭ್ಯಾಸ ಹೋಗಲಿಲ್ಲ.

ಜಗಲಿಯ ಮೇಲಿದ್ದ ಭಾಗೀರಥಮ್ಮನವರಿಗೆ ಆ ನಡಿಗೆ ಹೊಸದಲ್ಲ. ಎದ್ದು ನಿಂತರು. “ಯಾರಮ್ಮಾ? ಯಾರು ಬೇಕಿತ್ತು?”

ಅವ್ವ ತಲೆಯೆತ್ತಿ ಕಿಟಕಿಯಲ್ಲಿದ್ದ ನನ್ನನ್ನು ನೋಡಿದಳು. ನನ್ನ ಮುಖದಲ್ಲಿ ಏನು ಕಂಡಳೋ. “ನಾನು ಮೇಡಮ್ಮೋರ ಊರೋಳು ಕಣ್ರವ್ವ. ಅವ್ರ ಮನೇಲಿ ಕೂಲಿ ಮಾಡ್ಕಂಡಿದ್ದೆ. ಈ ಅವರೆಕಾಯಿ ಕೊಟ್ಟು ಒಂಟೋಯ್ತೀನಿ” ಎಂದಳು.

ಸುಮ್ಮನಿದ್ದರೆ ಮುಗಿಯುತ್ತಿತ್ತು. ಕೋಣೆ ಉಳಿಯುತ್ತಿತ್ತು, ಐದು ಗಂಟೆಯ ಕಾಫಿ ಉಳಿಯುತ್ತಿತ್ತು. ಒಂದು ಗಳಿಗೆ ಸುಮ್ಮನಿದ್ದೆ ಕೂಡ, ಅದನ್ನು ಮುಚ್ಚಿಡುವುದಿಲ್ಲ. ಆಮೇಲೆ ಮೆಟ್ಟಿಲಿಳಿದು ಓಡಿ, ಅವ್ವನ ಕೈಯಿಂದ ಚಪ್ಪಲಿ ಕಿತ್ತುಕೊಂಡು ಭಾಗೀರಥಮ್ಮನವರ ಚಪ್ಪಲಿಯ ಪಕ್ಕದಲ್ಲಿ ಬಿಟ್ಟೆ.

“ನಮ್ಮವ್ವ. ರಾಚಮ್ಮ ಅಂತ” ಎಂದೆ.

ಭಾಗೀರಥಮ್ಮನವರು ಚಪ್ಪಲಿಯನ್ನು ನೋಡಿದರು, ನನ್ನನ್ನು ನೋಡಿದರು. ಬೈಯಲಿಲ್ಲ. ತಮ್ಮ ಚಪ್ಪಲಿ ತೆಗೆದುಕೊಂಡು ಒಳಗೆ ಹೋದರು. ಅಗುಳಿ ಬಿತ್ತು.

ಮೇಲೆ ಊಟಕ್ಕೆ ಕೂತಾಗಲೂ ಅವ್ವ ಪಿಸುಗುಡುತ್ತಲೇ ಇದ್ದಳು. “ಯಾಕವ್ವ ಯೋಳ್ಬುಟ್ಟೆ? ಮನೆ ಓಯ್ತದಲ್ಲ?”

“ಹೋದರೆ ಹೋಗಲಿ. ನೀನು ಜೋರಾಗಿ ಮಾತಾಡು” ಎಂದೆ. ಅವಳಿಗೆ ಬರಲಿಲ್ಲ.

ಸಂಜೆ ಚಪ್ಪಲಿ ಮೆಟ್ಟಿಸಿಯೇ ಬೀದಿ ದಾಟಿಸಿದೆ. ಎಡವಿದವಳಂತೆ ನನ್ನ ತೋಳು ಹಿಡಿದುಕೊಂಡು ನಡೆದಳು. ಬಸ್ಸು ಹತ್ತುವಾಗ ಕೇಳಿದಳು: “ಇನ್ನ ಆಗಾಗ ಬರ್ಲಾ?”

“ಬಾ” ಎಂದೆ.

ಮನೆ ಬಿಡು ಎಂದು ಭಾಗೀರಥಮ್ಮನವರು ಇವತ್ತಿಗೂ ಹೇಳಿಲ್ಲ. ಅವ್ವ ಬಂದುಹೋದ ಮಾರನೆಯ ದಿನ ಐದು ಗಂಟೆಗೆ ಅಭ್ಯಾಸಬಲದಿಂದ ಎರಡು ಲೋಟ ಕಾಫಿ ಬೆರೆಸಿ, ಚಪ್ಪಲಿ ಅಳಿಸಿ ತಿದ್ದಿದ ಪುಟವನ್ನು ಮೇಜಿನ ಮೇಲಿಟ್ಟು ಕಾದೆ. ಒಂದು ಲೋಟ ಆರಿ ಕೆನೆ ಕಟ್ಟಿತು. ಆ ಹುಡುಗಿಯನ್ನು ಅಟ್ಟದಲ್ಲಿಟ್ಟು ಕಾಪಾಡುತ್ತಿದ್ದೆ ಎಂದವರಿಗೆ ಹದಿನಾಲ್ಕು ಮೆಟ್ಟಿಲು ಹತ್ತಲಾಗಲಿಲ್ಲ.