ಪೈಯಸ್‌ಗೆ ಕೋವಿ ಕೊಡಬಹುದೇ?

೧

ಕಥೆಯನ್ನು ನರಿಯಿಂದ ಶುರು ಮಾಡುವುದೋ ಕೋವಿಯಿಂದಲೋ? ಲಂಡನ್ನಿನ ಕ್ವೀನ್ಸ್‌ಬರಿಯ ಫ್ಲ್ಯಾಟಿನಲ್ಲಿ ಕೂತ ಕಥೆಗಾರ ರಾಮಪ್ರಸಾದನಿಗೆ ಬೆಳಗಿನಿಂದ ಇದೇ ತಲೆನೋವು. ನರಿಯಿಂದ ಶುರುವಾದರೆ ಮಕ್ಕಳ ಕಥೆ ಎನ್ನುತ್ತೀರಿ. ಕೋವಿಯಿಂದ ಶುರುವಾದರೆ ಅದು ಯಾವಾಗ ಸಿಡಿಯುತ್ತದೋ ಎಂದು ಕಾಯುತ್ತೀರಿ. (ನಿಮ್ಮ ಬುದ್ಧಿ ಅವನಿಗೆ ಗೊತ್ತು ಓದುಗರೇ, ಅವನದೂ ಅದೇ.)

ಇರಲಿ. ೧೯೯೯. ಹೇಸ್‌ನ ಬಾಡಿಗೆ ಮನೆಯ ಹಿತ್ತಲಲ್ಲಿ ಪೈಯಸ್ ಕೋಳಿ ಸಾಕಿದ್ದಾನೆ. ನರಿ ದಿನಾ ಬರುತ್ತದೆ. ಊರಲ್ಲಿ ಹಂದಿ ಹೊಡೆದ ಕುಂದಾಪುರದ ಗಂಡಸು ಲಂಡನ್ನಿನ ನರಿಗೆ ಸೋಲುವುದೇ? ಕೋವಿಯ ಲೈಸೆನ್ಸಿಗೆ ಅರ್ಜಿ ಹಾಕಿಯೇ ಬಿಟ್ಟ.

ತೊಡಕೊಂದಿದೆ. ಎರಡು ವರ್ಷದ ಹಿಂದೆ ಇದೇ ಪೈಯಸ್ ಹೈವೇ ನಡುವೆ ನಿಂತು, ಟವೆಲ್ ಬೀಸಿ, ಹೀಥ್ರೂಗೆ ಇಳಿಯುವ ವಿಮಾನಗಳಿಗೆ ದಾರಿ ತೋರಿಸಿದ್ದ. ಮನಸ್ಸಿನ ಕಾಯಿಲೆ ಎಂದು ಕೋರ್ಟು ತೀರ್ಪು ಕೊಟ್ಟು ಆಸ್ಪತ್ರೆಗೆ ಕಳಿಸಿತ್ತು. ಈಗ ಗುಣವಾಗಿದ್ದಾನೆ, ಬಹುಮಟ್ಟಿಗೆ.

೨

ಕೋವಿ ಕೇಳಿದವರ ಮೇಲೆ ಅಂಥ ತೀರ್ಪಿದ್ದರೆ ಪೊಲೀಸರಿಗೆ ತಿಳಿಸುವುದು ಕೋರ್ಟಿನ ಗುಮಾಸ್ತೆ ಸುಗಂಧಿಯ ಕೆಲಸ. (ಇಂಥ ಹುದ್ದೆ ನಿಜವಾಗಿ ಇದೆಯೋ ಇಲ್ಲವೋ ಕಥೆಗಾರ ವಿಚಾರಿಸಿಲ್ಲ. ಇಲ್ಲದಿದ್ದರೆ ಇಂದಿನಿಂದ ಇದೆ.)

ಡ್ರಾಫ್ಟ್ ಒಂದು: ಸುಗಂಧಿಯ ಕಾಗದ ಅಂಚೆಯಲ್ಲಿ ಕಳೆದುಹೋಗುತ್ತದೆ. ಕೋವಿ ಬರುತ್ತದೆ. ಢಂ! ಪಕ್ಕದ ಮನೆಯ ಟಿವಿ ಡಿಶ್ ಉದುರಿತು.

ಡ್ರಾಫ್ಟ್ ಎರಡು: ಫ್ಯಾಕ್ಸ್ ಮೆಷಿನ್ ಕಾಗದ ನುಂಗುತ್ತದೆ. ಢಂ! ಸತ್ತದ್ದು ಕೋಳಿ. ನರಿ ಥ್ಯಾಂಕ್ಸ್ ಹೇಳಿತು.

ಮೂರನೆಯದಕ್ಕೆ ಪೆನ್ನೆತ್ತಿದಾಗ ಪೈಯಸನ ಹೆಂಡತಿ ಬೆಲ್ಲಾ ಸೌಟು ಹಿಡಿದು ಹಾಳೆಯಿಂದಲೇ ಎದ್ದು ಬಂದಳು.

"ಎಂತ ಮಾರಾಯ್ರೆ, ನಿಮ್ಮ ಮಂಡೆ ಸಮ ಉಂಟಾ? ಒಂದು ಕಾಗದ ಸರಿಯಾಗಿ ಮುಟ್ಟಿಸ್ಲಿಕ್ಕೆ ಆಗುದಿಲ್ವಾ?"

"ಮುಟ್ಟಿದರೆ ಕಥೆ ಎಲ್ಲಿದೆ ಬೆಲ್ಲಾ?"

"ಕಥೆ ಯಾರಿಗೆ ಬೇಕು? ನನಗೆ ಗಂಡ ಬೇಕು. ನರಿಯ ಹೆದರಿಕೆ ಅಲ್ಲ ನನಗೆ. ಇವರು ಕೆಲವು ದಿವಸ ಮಾತೇ ಆಡುದಿಲ್ಲ, ಗೋಡೆ ನೋಡಿಕೊಂಡು ಕೂತ್ಕೊಳ್ತಾರೆ. ಅಂಥ ದಿವಸ ಮನೆಯಲ್ಲಿ ಕೋವಿ ಇದ್ರೆ?"

ಮೂರನೆಯ ಡ್ರಾಫ್ಟಿನಲ್ಲಿ ರಾಮಪ್ರಸಾದ ಬರೆಯಲಿದ್ದುದು ಅದನ್ನೇ. ನಾಚಿಕೆಯಾಗಿ ಹಾಳೆಯನ್ನು ಬೆನ್ನ ಹಿಂದೆ ಅಡಗಿಸಿದ.

೪ (ಮೂರು ಇಲ್ಲ. ಕೇಳಬೇಡಿ.)

ಸುಗಂಧಿ ಕಾಗದ ಟೈಪ್ ಮಾಡಿದಳು. ಆದರೆ ಉಡುಪಿಯವಳು ನೋಡಿ, ಪರಿಚಯದವರ ವಿಷಯ ಪೊಲೀಸರಿಗೆ ಹೇಳುವ ಮುಂಚೆ ಮನೆಯವರಿಗೆ ಒಂದು ಮಾತು ಹೇಳದಿದ್ದರೆ ಹೇಗೆ? ಬರಿಗೈಯಲ್ಲಿ ಹೋಗುವುದೂ ಚೆಂದವಲ್ಲ. ಕಿತ್ತಳೆ ಕಟ್ಟಿಸಿಕೊಂಡು ಹೇಸ್‌ಗೆ ಬಸ್ ಹತ್ತಿದಳು.

("ಆಫೀಸಿನ ಕಾಗದ ಹಾಗೆಲ್ಲ ಹೊರಗೆ ತರಬಾರದು," ಎಂದ ಕಥೆಗಾರ. "ನೀವು ಸುಮ್ಮನಿರಿ. ಕಿತ್ತಳೆ ಹುಳಿ ಆಗದ ಹಾಗೆ ಬರೀರಿ, ಸಾಕು," ಎಂದಳು ಸುಗಂಧಿ.)

ಬಾಗಿಲು ತೆರೆದವನು ಪೈಯಸ್ಸೇ. ಗಾಬರಿಯಲ್ಲಿ ಸುಗಂಧಿ ಹಣ್ಣಿಗಿಂತ ಮೊದಲು ಕಾಗದ ಕೊಟ್ಟಳು. ಅವನು ಓದಿದ. ಒಳಗಿನಿಂದ ಬೆಲ್ಲಾ ಸೌಟು ಹಿಡಿದೇ ಬಂದಳು.

"ನನಗೆ ಹುಚ್ಚು ಅಂತ ಬರ್ದಿದ್ದೀ."

"ಇಲ್ಲ ಪೈಯಸಣ್ಣ, ಕೋರ್ಟು ಹೇಳಿದ್ದು ಮಾತ್ರ."

"ಸುಳ್ಳಲ್ವಲ್ಲ." ಅವನು ಕೂತು ನಿಧಾನವಾಗಿ ಒಂದು ಕಿತ್ತಳೆ ಸುಲಿದ. "ನರಿಗಾದ್ರೆ ಬೇಲಿ ಹಾಕ್ಬಹುದು. ನನಗೆ ಹಾಕ್ಲಿಕ್ಕೆ ಈ ಕಾಗದ ಒಂದೇ ಉಂಟು. ಕವರು ಕೊಡು, ನಾನೇ ಪೋಸ್ಟ್ ಮಾಡ್ತೇನೆ."

೫

ಮುಕ್ತಾಯ ಅ: ಪೋಸ್ಟ್ ಮಾಡಿದ. ಮುಕ್ತಾಯ ಆ: ದಾರಿಯಲ್ಲಿ ಹರಿದುಹಾಕಿದ. ಮುಕ್ತಾಯ ಇ: ನರಿ ಕಸಿದುಕೊಂಡು ಓಡಿತು. (ನೀವು ಮೂರನೆಯದಕ್ಕೇ ಕೈ ಎತ್ತುವವರು.)

ಸದ್ಯಕ್ಕೆ ಪೈಯಸ್ ರಸ್ತೆ ಮೂಲೆಯ ಕೆಂಪು ಅಂಚೆ ಪೆಟ್ಟಿಗೆಯ ಮುಂದಿದ್ದಾನೆ. ಕೈ ಮಣಿಕಟ್ಟಿನವರೆಗೆ ಒಳಗಿದೆ. ಕಾಗದ ಇನ್ನೂ ಬೆರಳುಗಳಲ್ಲಿದೆ.

"ಬಿಟ್ಟ ಅಂತ ಬರೀರಿ ಮಾರಾಯ್ರೆ!" ಬಾಗಿಲಲ್ಲಿ ನಿಂತ ಬೆಲ್ಲಾ ಕೂಗುತ್ತಾಳೆ.

ಒಂದೇ ಪದ. ಬರೆದರೆ ಬಿಟ್ಟವನು ರಾಮಪ್ರಸಾದನಾಗುತ್ತಾನೆ, ಪೈಯಸ್ ಅಲ್ಲ. ಗೋಡೆ ನೋಡುತ್ತ ಕೂರುವ ದಿನ ಬೆಲ್ಲಾಳ ಜೊತೆ ಇರುವವನು ಪೈಯಸ್, ಕಥೆಗಾರನಲ್ಲ. ರಾಮಪ್ರಸಾದ ಪೆನ್ನಿಗೆ ಮುಚ್ಚಳ ಹಾಕಿದ್ದಾನೆ. ಬೆಲ್ಲಾ ಬಾಯಿಗೆ ಬಂದ ಹಾಗೆ ಬೈಯುತ್ತಿದ್ದಾಳೆ, ಕಣ್ಣು ಮಾತ್ರ ಗಂಡನ ಕೈಯ ಮೇಲೆ